ಕೊರತೆಯಿಲ್ಲ ಎನ್ನದ ಬಾಚಣ

ಬೆಟ್ಟಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ, ಅಂಥ ಏಳು ಬೆಟ್ಟಗಳ ಆಚೆಗೆ, ಚಂದ್ರಹೊಳೆ ಎಂಬ ಒಂದು ನಾಡಿತ್ತು. ಆ ನಾಡನ್ನು ಆಳುತ್ತಿದ್ದ ಅರಸ ಕಡು ಕ್ರೂರಿ. ಪ್ರಜೆಗಳು ಅಂಬಲಿಗೆ ಬಾಯಿ ಬಿಡುವಾಗ ಅವನ ಆನೆಗಳು ಬೆಲ್ಲ ತಿನ್ನುತ್ತಿದ್ದವು. ಒಂದು ದಿನ ಸಮಪಾಲ ಎಂಬ ಮಾಂತ್ರಿಕ ಕಂಬಳಿ ಹೊದ್ದು ಬರಿಗಾಲಲ್ಲಿ ಬಂದ. ಮಂತ್ರದಂಡವನ್ನು ಒಮ್ಮೆ ಬೀಸಿದ. ಅರಸ ಒಂದು ಹಿಡಿ ಹೊಟ್ಟಾಗಿ ಗಾಳಿಗೆ ಹಾರಿಹೋದ.

"ಇನ್ನು ಮೇಲೆ ದೊಡ್ಡವರು ಚಿಕ್ಕವರು ಎಂಬುದಿಲ್ಲ. ಎಲ್ಲ ಎಲ್ಲರದು" ಎಂದ ಸಮಪಾಲ.

ಜನ ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಮೊದಲ ವರ್ಷ ಎಲ್ಲರ ಮನೆಯಲ್ಲೂ ಒಲೆ ಉರಿಯಿತು. ಎರಡನೆಯ ವರ್ಷ ಸಮಪಾಲ ತನಗೊಂದು ಕಲ್ಲಿನ ಗೋಪುರ ಕಟ್ಟಿಸಿಕೊಂಡ. ಮೂರನೆಯ ವರ್ಷ ನಾಡಿನ ಕಣಜಗಳ ಬೀಗದ ಕೈಗಳನ್ನೆಲ್ಲ ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡ. ನಾಲ್ಕನೆಯ ವರ್ಷ ಡಂಗುರ ಹೊಡೆಸಿದ: ದಿನಾ ಬೆಳಗ್ಗೆ ಗೋಪುರದ ನಗಾರಿ ಬಾರಿಸಿದ ಕೂಡಲೇ ಪ್ರತಿಯೊಬ್ಬರೂ ಹೊಸ್ತಿಲ ಮೇಲೆ ನಿಂತು "ನಮಗೇನೂ ಕೊರತೆಯಿಲ್ಲ" ಎಂದು ಗಟ್ಟಿಯಾಗಿ ಹೇಳಬೇಕು. ಹೇಳದವರ ಮನೆಗೆ ಕಬ್ಬಿಣದ ದವಡೆಯ ತೋಳ ಬರುತ್ತದೆ.

ಕತ್ತಿ ಹಿಡಿದು ಹೊರಟ ಶೂರರೂ ಇದ್ದರು. ಮಾಂತ್ರಿಕನ ಜೀವ ಏಳು ಸಮುದ್ರದಾಚೆ ಒಂದು ದುಂಬಿಯಲ್ಲಿದೆ ಎಂದು ಯಾರೋ ಹೇಳಿದ್ದರು. ದುಂಬಿ ಹುಡುಕಲು ಹೋದವರಲ್ಲಿ ಒಬ್ಬನೂ ತಿರುಗಿ ಬರಲಿಲ್ಲ.

ಆ ನಾಡಿನ ರಾಜಧಾನಿಯಲ್ಲಿ, ಗಾಣದ ಬೀದಿಯಲ್ಲಿ, ಬಾಚಣ ಎಂಬವನಿದ್ದ. ಬಯಲಾಟಗಳನ್ನು ಬರೆದು ಮೇಳದವರಿಗೆ ಕೊಡುವುದು ಅವನ ಕಸುಬು. ನಲವತ್ತು ದಾಟಿದ ಸಣಕಲು ಮನುಷ್ಯ. ನಾಲ್ಕು ಜನರೆದುರು ಮಾತಾಡಬೇಕೆಂದರೆ ತೊದಲುತ್ತಿದ್ದ. ತಾಳೆಗರಿಯ ಮೇಲೆ ಕಂಟದ ಮೊನೆಯಿಂದ ಕೊರೆಯುವಾಗ ಮಾತ್ರ ಅವನ ಮಾತು ಎಲ್ಲಿಯೂ ತಡವರಿಸುತ್ತಿರಲಿಲ್ಲ. ಆಟದಲ್ಲಿ ಬರುವವರೆಲ್ಲ ಮೊದಲಿಂದ ಕೊನೆಯವರೆಗೆ ನಗುತ್ತಲೇ ಇರಬೇಕು ಎಂದು ಸಮಪಾಲ ಅಪ್ಪಣೆ ಮಾಡಿದ ಮೇಲೆ ಬಾಚಣ ಬರೆಯುವುದನ್ನೇ ಬಿಟ್ಟ. ಹೆಂಡತಿ ಕೇತಲೆಯ ಜೊತೆ ಗಾಣ ತಿರುಗಿಸುತ್ತ ಹೊಟ್ಟೆ ಹೊರೆದ. ಹನ್ನೊಂದು ವರ್ಷ ಅವನೂ ಎಲ್ಲರಂತೆ ಹೊಸ್ತಿಲ ಮೇಲೆ ನಿಂತ, ಎಲ್ಲರಂತೆ ಹೇಳಿದ.

ಒಂದು ಬೆಳಗ್ಗೆ ನಗಾರಿ ಬಾರಿಸಿತು. ಬಾಚಣ ಹೊರಗೆ ಬಂದ. ಎದುರುಮನೆಯ ನೇಯ್ಗೆಯ ಜಕ್ಕವ್ವ ತನ್ನ ಹೊಸ್ತಿಲ ಮೇಲೆ ನಿಂತಿದ್ದಳು. ಅವಳ ತೋಳಿನಲ್ಲಿ ಆರು ವರ್ಷದ ಮಗಳು ನೀಲಿ ಇದ್ದಳು. ಮಗುವಿನ ಕೈ ಕೆಳಗೆ ಜೋತುಬಿದ್ದಿತ್ತು. ಮೂರು ದಿನದಿಂದ ಆ ಮನೆಯಲ್ಲಿ ಹಿಟ್ಟಿರಲಿಲ್ಲವೆಂದು ಬೀದಿಗೆಲ್ಲ ಗೊತ್ತಿತ್ತು. ಮಗು ಆಗತಾನೇ ಪ್ರಾಣ ಬಿಟ್ಟಿತ್ತು.

ಜಕ್ಕವ್ವ ಗೋಪುರದ ಕಡೆ ಮುಖ ಮಾಡಿ, "ನಮಗೇನೂ ಕೊರತೆಯಿಲ್ಲ" ಎಂದಳು.

ಬಾಚಣನ ಬಾಯಿಂದ ಆವತ್ತು ಮಾತು ಹೊರಡಲಿಲ್ಲ. ಅವನು ಒಳಗೆ ಹೋದ, ಅಟ್ಟದ ಮೇಲಿನ ಕಂಟ ತೆಗೆದ, ಒಂದು ಗರಿಯ ಮೇಲೆ ಹೀಗೆ ಬರೆದ: "ಜಕ್ಕವ್ವನ ಮಗಳು ನೀಲಿ ಹಸಿವಿನಿಂದ ಸತ್ತಳು. ನಮಗೆ ಕೊರತೆಯಿದೆ. ಬರೆದವನು ಬಾಚಣ, ಗಾಣದ ಬೀದಿ."

"ಹೆಸರನ್ನೂ ಬರೆದಿರಾ?" ಎಂದಳು ಕೇತಲೆ.

"ಹೆ-ಹೆಸರಿಲ್ಲದಿದ್ದರೆ ಗಾಳಿಮಾತಾಗುತ್ತದೆ."

ಕೇತಲೆ ಗರಿಗೆ ದಾರ ಪೋಣಿಸಿಕೊಟ್ಟಳು. ಬಾಚಣ ಅದನ್ನು ಸಂತೆಕಟ್ಟೆಯ ಅರಳಿಮರಕ್ಕೆ ತೂಗುಹಾಕಿ ಬಂದ. ಸಂಜೆಯೊಳಗೆ ಯಾರೋ ಅದನ್ನು ನೋಡಿ ಏಳು ಪ್ರತಿ ಮಾಡಿದ್ದರು. ಮರುದಿನಕ್ಕೆ ಎಪ್ಪತ್ತಾಯಿತು.

ಮೂರನೆಯ ದಿನ ತೋಳ ಬಂದು ಬಾಗಿಲಲ್ಲಿ ನಿಂತಿತು.

ಕರುವಿನಷ್ಟು ಎತ್ತರದ ತೋಳ. ಅದರ ದವಡೆ ಕಬ್ಬಿಣದ್ದು, ಹಲ್ಲು ಕಬ್ಬಿಣದ್ದು. ಅದು ಬಾಚಣನನ್ನು ಸುಣ್ಣ ಸುಡುವ ಗೂಡುಗಳಿಗೆ ಅಟ್ಟಿಕೊಂಡು ಹೋಯಿತು. ಅಲ್ಲಿ ಹಗಲೆಲ್ಲ ಸುಣ್ಣದ ಕಲ್ಲು ಹೊರಬೇಕು. ಅವನು ಹೊತ್ತಾಗಲೆಲ್ಲ ತೋಳ ಹಿಂದೆಯೇ ನಡೆಯಿತು, ಕೂತಾಗಲೆಲ್ಲ ಎದುರಿಗೇ ಕೂತಿತು. ದಿನಾ ಬೆಳಗ್ಗೆ ನಗಾರಿ ಬಾರಿಸಿದಾಗ ಅದು ಕೇಳುತ್ತಿತ್ತು: "ಹೇಳುತ್ತೀಯಾ?"

"ಇಲ್ಲ" ಎನ್ನುತ್ತಿದ್ದ ಬಾಚಣ.

ಇಲ್ಲವೆಂದಾಗಲೆಲ್ಲ ತೋಳ ಅವನ ತೋಳನ್ನೋ ಮೀನಖಂಡವನ್ನೋ ಕಚ್ಚಿ ಬಿಡುತ್ತಿತ್ತು. ಗಾಯಕ್ಕೆ ಸುಣ್ಣ ಬಿದ್ದು ಉರಿಯುತ್ತಿತ್ತು. ಹೀಗೆ ಇಪ್ಪತ್ತು ದಿನವಾಯಿತು. ಇಪ್ಪತ್ತೊಂದನೆಯ ದಿನ ಬಾಚಣ ತನಗೆ ಕೊಟ್ಟ ಒಂದೇ ಮುದ್ದೆಯನ್ನು ಮುರಿಯುತ್ತ ತೋಳದ ಕಡೆ ಸರಿಯಾಗಿ ನೋಡಿದ. ಅದರ ಪಕ್ಕೆಲುಬುಗಳನ್ನು ಎಣಿಸಬಹುದಿತ್ತು.

"ನಿನಗೆ ಊಟ ಹಾಕುವವರು ಯಾರು?" ಎಂದು ಕೇಳಿದ.

"ನನಗೇನೂ ಕೊರತೆಯಿಲ್ಲ" ಎಂದಿತು ತೋಳ.

"ನಾನು ಕೇಳಿದ್ದು ಅದಲ್ಲ" ಎಂದು ಬಾಚಣ ಅರ್ಧ ಮುದ್ದೆಯನ್ನು ಅದರ ಮುಂದಿಟ್ಟ.

ತೋಳ ಮುದ್ದೆಯನ್ನು ನೋಡಿತು, ಗೋಪುರವನ್ನು ನೋಡಿತು. "ಹಸಿವು" ಎಂದಿತು. "ಹನ್ನೊಂದು ವರ್ಷದಿಂದ ಹಸಿವು."

ಹಾಗೆ ಅಂದದ್ದೇ ತಡ, ಕಬ್ಬಿಣದ ದವಡೆ ಕಳಚಿ ನೆಲಕ್ಕೆ ಬಿತ್ತು. ಒಳಗೆ ಸಾಧಾರಣ ತೋಳದ ಬಾಯಿ ಇತ್ತು. ಅದು ಮುದ್ದೆ ತಿಂದು, ಅವನ ಗಾಯಗಳನ್ನು ನೆಕ್ಕಿ, ಕಾಡಿನ ಕಡೆ ಓಡಿಹೋಯಿತು.

ಸಮಪಾಲನಿಗೆ ಸುದ್ದಿ ಮುಟ್ಟಿತು. ಅವನು ಬಾಚಣನನ್ನು ಹಿಡಿಸಿ ಗೋಪುರದ ಬುಡದಲ್ಲಿದ್ದ ಕಲ್ಲಿನ ಸೆರೆಗೆ ಹಾಕಿಸಿದ. ಆ ಸೆರೆಗೆ ಅಂಗೈಯಷ್ಟು ದೊಡ್ಡ ಒಂದು ಕಿಂಡಿ ಮಾತ್ರ ಇತ್ತು. ಅದರೊಳಗಿಂದ ಸಮಪಾಲ ಕಳಿಸಿದ ಒಂದು ಬೆಳ್ಳಿಯ ಮೈನಾ ಹಾರಿಬಂದು ಕೂತಿತು. ಯಾರ ದನಿ ಬೇಕೋ ಆ ದನಿಯಲ್ಲಿ ಮಾತಾಡುವ ಹಕ್ಕಿ ಅದು.

"ನನಗೆ ಸುಡುಸುಡು ಜ್ವರ" ಎಂದಿತು ಅದು ಕೇತಲೆಯ ದನಿಯಲ್ಲಿ. "ನೀರು ಕೊಡುವವರೂ ಇಲ್ಲ. ಆ ಒಂದು ಮಾತು ಹೇಳಿ ಮನೆಗೆ ಬನ್ನಿ."

ಇದು ಮಾಯೆ ಎಂದು ಬಾಚಣನಿಗೆ ಗೊತ್ತಿದ್ದರೂ ದನಿ ಅವಳದೇ. ಮೊದಲ ದಿನ ಕಿವಿ ಮುಚ್ಚಿಕೊಂಡ. ಎರಡನೆಯ ದಿನ ಮೈನಾ ನರಳಿತು. ಮೂರನೆಯ ದಿನ ಅದು, "ಇನ್ನು ಉಸಿರಿಲ್ಲ" ಎಂದಿತು. ಬಾಚಣ ಎದ್ದು ನಿಂತ. ಎರಡೇ ಪದ, ಹೇಳಿಬಿಟ್ಟರೆ ಯಾರ ಗಂಟು ಹೋಗುತ್ತದೆ ಅನಿಸಿತು. ಹನ್ನೊಂದು ವರ್ಷ ಹೇಳಿದವನು ಇನ್ನೊಂದು ಸಲ ಹೇಳಿದರೇನು? "ನ-ನಮಗೇನೂ..." ಎಂದು ಬಾಯಿ ತೆರೆದ.

ಅಷ್ಟರಲ್ಲಿ ಕಿಂಡಿಯ ಆಚೆಯಿಂದ ಇನ್ನೊಂದು ದನಿ ಕೇಳಿಸಿತು.

"ನಾನು ಗುಂಡುಕಲ್ಲಿನ ಹಾಗಿದ್ದೀನಿ. ಆ ಮಾತು ಹೇಳಿ ಮನೆಗೆ ಬಂದರೆ ಬಾಗಿಲು ತೆಗೆಯೋಳಲ್ಲ, ನೋಡಿ."

ಕಾಡಿಗೆ ಓಡಿದ್ದ ತೋಳ ಗಾಣದ ಬೀದಿಗೆ ತಿರುಗಿ ಬಂದಿತ್ತು. ಕೇತಲೆಯನ್ನು ಬೆನ್ನ ಮೇಲೆ ಕೂರಿಸಿಕೊಂಡು, ಕಾವಲುಗಾರರ ಕಣ್ಣು ತಪ್ಪಿಸಿ ಕಿಂಡಿಯ ಕೆಳಗೆ ಬಂದು ನಿಂತಿತ್ತು. ಬಾಚಣ ಗೋಡೆಗೆ ಹಣೆಯಿಟ್ಟು ಅತ್ತ. ಆಮೇಲೆ ನಕ್ಕ. ನಿಜವಾದ ದನಿಯ ಎದುರು ಸುಳ್ಳು ದನಿ ನಿಲ್ಲಲಾರದೆ ಬೆಳ್ಳಿಯ ಮೈನಾ ಕರಗಿ ನೆಲದ ಮೇಲೆ ಒಂದು ತೊಟ್ಟು ನೀರಾಯಿತು.

ಮೂರನೆಯ ಸಲ ಸಮಪಾಲ ತಾನೇ ಸೆರೆಗೆ ಇಳಿದು ಬಂದ. ಅವನ ಮೈಮೇಲೆ ಹಳೆಯ ಕಂಬಳಿಯೇ ಇತ್ತು, ಅದರಡಿಯಲ್ಲಿ ರೇಷ್ಮೆಯ ಅಂಗಿ ಇತ್ತು. ಆಗಿನ್ನೂ ಬೆಳಗಿನ ನಗಾರಿ ಬಾರಿಸಿರಲಿಲ್ಲ. ಅವನ ಮುಖ ಸುಣ್ಣದಂತೆ ಬಿಳಿಚಿಕೊಂಡಿತ್ತು.

"ಬಾಚಣ, ನೀನು ಗಟ್ಟಿಗ" ಎಂದ ಮೆತ್ತಗೆ. "ಹೊಳೆಯ ದಡದಲ್ಲಿ ದೋಣಿ ನಿಂತಿದೆ. ಸಮುದ್ರದಾಚೆಯ ಅರಸರು ನಿನಗೆ ಮನೆ ಕೊಡುತ್ತಾರೆ, ದಂತದ ಕಂಟ ಕೊಡುತ್ತಾರೆ. ಹೆಂಡತಿಯನ್ನೂ ಕರೆದುಕೊಂಡು ಹೋಗು. ಬೇಕಾದ್ದು ಬರೆದುಕೊ."

"ಇದು ನನ್ನ ಊರು" ಎಂದ ಬಾಚಣ. ಆವತ್ತು ಅವನು ತೊದಲಲಿಲ್ಲ. "ಹೋಗಬೇಕಾದವರು ನೀವು."

"ಹಾಗಾದರೆ ನಾಳೆ ಬೆಳಗ್ಗೆ ಗೋಪುರದ ತುದಿಯಿಂದ ನಿನ್ನನ್ನು ತಳ್ಳಿಸುತ್ತೇನೆ."

ಆ ಹೊತ್ತಿಗೆ ಸರಿಯಾಗಿ ನಗಾರಿ ಬಾರಿಸಿತು. "ನಮಗೇನೂ ಕೊರತೆಯಿಲ್ಲ" ಎಂಬ ದನಿ ಬೀದಿಬೀದಿಯಿಂದ ಎದ್ದುಬಂತು. ಬಾಚಣ ನೋಡುತ್ತಿದ್ದಂತೆಯೇ ಮಾಂತ್ರಿಕನ ಬಿಳಿಚಿದ ಕೆನ್ನೆಗೆ ರಕ್ತ ಏರಿತು, ಬಾಗಿದ ಬೆನ್ನು ನೆಟ್ಟಗಾಯಿತು. ಆದರೆ ಆವತ್ತು ದನಿ ತೆಳ್ಳಗಿತ್ತು. ಗರಿಯ ಪ್ರತಿ ಓದಿದ ಹಲವು ಮನೆಗಳವರು ತುಟಿ ಆಡಿಸಿದ್ದರೇ ಹೊರತು ದನಿ ತೆಗೆದಿರಲಿಲ್ಲ. ಸಮಪಾಲನ ಎಡಗೈಯ ಕಿರುಬೆರಳು ಹಾಗೆಯೇ ಧೂಳಾಗಿ ಉದುರಿತು. ಅವನು ಸರಕ್ಕನೆ ಕೈಯನ್ನು ಕಂಬಳಿಯೊಳಗೆ ಮರೆಮಾಡಿ ಹೊರಟುಹೋದ.

ದುಂಬಿಯೂ ಇಲ್ಲ, ಏಳು ಸಮುದ್ರವೂ ಇಲ್ಲ ಎಂದು ಬಾಚಣನಿಗೆ ಆಗ ಗೊತ್ತಾಯಿತು. ಮಾಂತ್ರಿಕನ ಜೀವ ಇರುವುದು ನಮ್ಮ ಬಾಯಲ್ಲೇ. ದಿನಾ ಬೆಳಗ್ಗೆ ನಾವೇ ಅವನಿಗೆ ಉಣಿಸುತ್ತಿದ್ದೇವೆ.

ಆವತ್ತೇ ಹಗಲು ಕೇತಲೆ ಕಿಂಡಿಯ ಹತ್ತಿರ ಬಂದಳು. ಬಾಚಣ ತಾನು ಕಂಡದ್ದನ್ನು ಹೇಳಿದ. "ಕತ್ತಿ ಬೇಡ, ಕಲ್ಲು ಬೇಡ. ನಾಳೆ ಆ ಮಾತನ್ನು ಯಾರೂ ಹೇಳದಿದ್ದರೆ ಸಾಕು" ಎಂದ.

"ಭಯಕ್ಕೆ ಕೆಲವರು ಹೇಳಿಬಿಟ್ಟರೆ?"

"ಆಗ ನಾನು ಬೀಳುತ್ತೇನೆ. ಆದರೂ ನೀನು ಹೇಳಬೇಡ."

ಕೇತಲೆ ತೋಳದ ಮೇಲೆ ಕೂತು ಊರಿಂದೂರಿಗೆ ಹೋದಳು. ಗಾಣದವರು, ನೇಕಾರರು, ಕುಂಬಾರರು, ಮೇಳದವರು ಎಲ್ಲರೂ ಅವಳ ಮಾತು ಕೇಳಿಸಿಕೊಂಡರು. ಯಾರೂ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ.

ಮರುದಿನ ಬೆಳಗ್ಗೆ ಬಾಚಣನನ್ನು ಗೋಪುರದ ತುದಿಗೆ ಕರೆತಂದರು. ಕೆಳಗೆ ಬೀದಿಗಳು ಕಾಣುತ್ತಿದ್ದವು, ಪ್ರತಿ ಹೊಸ್ತಿಲಲ್ಲೂ ಜನ ಕಾಣುತ್ತಿದ್ದರು. ಅವನು ಗೋಡೆ ಹಿಡಿಯದೆ ನಿಂತ. ನಗಾರಿ ಬಾರಿಸಿತು.

ಯಾರೂ ಬಾಯಿ ತೆರೆಯಲಿಲ್ಲ.

ನಗಾರಿ ಮತ್ತೆ ಬಾರಿಸಿತು. ಮೂರನೆಯ ಸಲವೂ ಬಾರಿಸಿತು. ಆಗ ಗಾಣದ ಬೀದಿಯಿಂದ ಒಂದೇ ಒಂದು ದನಿ ಎದ್ದಿತು.

"ನನ್ನ ಮಗಳು ಹಸಿವಿನಿಂದ ಸತ್ತಳು" ಎಂದಳು ಜಕ್ಕವ್ವ.

ಪಕ್ಕದ ಮನೆಯವನು, "ನನ್ನ ತಮ್ಮನನ್ನು ತೋಳ ಒಯ್ದಿತು" ಎಂದ. ಆಚೆ ಬೀದಿಯ ಕುಂಬಾರ, "ನನ್ನ ಮನೆಯಲ್ಲಿ ಉಪ್ಪಿಲ್ಲ" ಎಂದ. ನಗಾರಿ ಬಾರಿಸುವವನು ಕೋಲು ಕೆಳಗಿಟ್ಟು, "ನನಗೆ ಈ ಕೆಲಸ ಸಾಕಾಗಿದೆ" ಎಂದ. ಬೀದಿ ಬೀದಿಯೇ ಮಾತಾಡಿತು, ಊರಿಗೆ ಊರೇ ಮಾತಾಡಿತು. ಗೋಪುರದ ಕಲ್ಲುಗಳು ಒಂದೊಂದಾಗಿ ಉಪ್ಪಿನಂತೆ ಕರಗಿದವು. ಬಾಚಣ ಕರಗುವ ಗೋಪುರದ ಜೊತೆಗೇ ಮೆಲ್ಲಗೆ ಇಳಿದು ನೆಲದ ಮೇಲೆ ನಿಂತ. ಅವನ ಪಕ್ಕದಲ್ಲಿ ಮೊಣಕಾಲೆತ್ತರದ ಒಬ್ಬ ಮುದುಕ ದೊಡ್ಡ ಕಂಬಳಿಯೊಳಗೆ ನಡುಗುತ್ತಿದ್ದ. ಅವನೇ ಸಮಪಾಲ.

ಜನ ಕಟ್ಟಿಗೆ, ಕಲ್ಲು ಹಿಡಿದು ನುಗ್ಗಿದರು. "ಸುಣ್ಣದ ಗೂಡಿಗೆ ಹಾಕಿ ಇವನನ್ನು" ಎಂದರು.

ಬಾಚಣ ಅಡ್ಡ ನಿಂತ. "ಇವನನ್ನು ಕೊಂದರೆ, ಎಲ್ಲವನ್ನೂ ಇವನೊಬ್ಬನೇ ಮಾಡಿದ ಎಂದು ನಾಳೆಯಿಂದ ಹೇಳಿಕೊಂಡು ತಿರುಗುತ್ತೇವೆ. ಅದು ಇನ್ನೊಂದು ಸುಳ್ಳು. ಹನ್ನೊಂದು ವರ್ಷ ಇವನಿಗೆ ಉಣಿಸಿದವರಲ್ಲಿ ನಾನೂ ಒಬ್ಬ."

"ಇವನು ಮಾಡಿದ್ದಕ್ಕೆ ಏನೂ ಇಲ್ಲವೇ?" ಎಂದಳು ಜಕ್ಕವ್ವ.

"ನೀನೇ ಹೇಳು, ಜಕ್ಕವ್ವ" ಎಂದ ಬಾಚಣ.

ಜಕ್ಕವ್ವ ಆ ಮುದುಕನ ಕಡೆ ಬೆರಳು ಮಾಡಿದಳು. "ಇವನು ಮನೆಮನೆಗೂ ಹೋಗಲಿ. ಅಲ್ಲಿ ಏನಾಯಿತು ಎಂದು ಕೂತು ಕೇಳಿಸಿಕೊಳ್ಳಲಿ. ಒಂದು ಮನೆಯನ್ನೂ ಬಿಡಬಾರದು" ಎಂದಳು. ಸಮಪಾಲ ಹಾಗೆಯೇ ಮನೆಯಿಂದ ಮನೆಗೆ ಹೋದ. ಕೊನೆಯ ಮನೆ ಮುಟ್ಟುವಷ್ಟರಲ್ಲಿ ಅವನ ಆಯುಷ್ಯ ಮುಗಿದಿತ್ತು.

ಜನ ಬಾಚಣನಿಗೆ, "ನೀನೇ ನಮ್ಮನ್ನು ಆಳು" ಎಂದರು. ಅವನು ಮನೆಗೆ ಹೋಗಿ ಅಟ್ಟ ಹತ್ತಿ ಕೂತುಬಿಟ್ಟ. ಕೇತಲೆ ಕೆಳಗೆ ನಿಂತು ಕೇಳಿದಳು: "ತಪ್ಪು ಎತ್ತಿ ಹೇಳುವುದಕ್ಕೆ ಮುಂದೆ, ಹೊರೆ ಹೊರುವುದಕ್ಕೆ ಹಿಂದೆಯೇ?"

ಬಾಚಣ ಇಳಿದು ಬಂದ. "ಐದೇ ಮಳೆಗಾಲ. ಆರನೆಯದಕ್ಕೆ ನಿಲ್ಲಲಾರೆ" ಎಂದು ಕರಾರು ಹಾಕಿ ಒಪ್ಪಿಕೊಂಡ.

ಆಳುವುದು ತೋಳದ ಕಡಿತಕ್ಕಿಂತ ಕಷ್ಟದ್ದಾಗಿತ್ತು. ಅವನು ಮೊದಲು ಮಾಡಿದ ಕೆಲಸ ಕಣಜಗಳ ಬಾಗಿಲುಗಳನ್ನೇ ಕೀಳಿಸಿದ್ದು. ಒಳಗೆ ಎಷ್ಟಿದೆ ಎಂದು ಯಾರು ಬೇಕಾದರೂ ಇಣುಕಿ ನೋಡಬಹುದಿತ್ತು. ನಲವತ್ತು ದಿನಕ್ಕಾಗುವಷ್ಟು ರಾಗಿ ಮಾತ್ರ ಇತ್ತು. ಜನ ಗಾಬರಿಯಾದರು, ಬೈದರು, ಆಮೇಲೆ ಹಂಚಿಕೊಂಡು ಉಂಡು ಹೊಲಕ್ಕೆ ಹೋದರು. ಮೊದಲ ಬೆಳೆ ಸಾಲಲಿಲ್ಲ. ಎರಡನೆಯದು ಸಾಲಿತು. ಬಾಚಣ ಕೆಲವು ತಪ್ಪು ಮಾಡಿದ. ಬೇಡದ ಕಡೆ ಸೇತುವೆ ಕಟ್ಟಿಸಿದ, ಸಲ್ಲದ ಮಂತ್ರಿಯನ್ನು ನಂಬಿದ. ಅದನ್ನೆಲ್ಲ ಅವನ ಮುಖಕ್ಕೇ ಹೇಳುವವರಿದ್ದರು. ಹೇಳಿದವರು ಸಂಜೆ ತಮ್ಮ ಮನೆಗೆ ಹೋಗಿ ಊಟ ಮಾಡಿ ಮಲಗುತ್ತಿದ್ದರು.

ಐದನೆಯ ಮಳೆಗಾಲ ಮುಗಿಯಿತು. ಮುದ್ರೆಯುಂಗುರವನ್ನು ಜನ ಆರಿಸಿದ, ದೋಣಿ ನಡೆಸುವ ಹೆಂಗಸೊಬ್ಬಳ ಕೈಗೆ ಕೊಟ್ಟು ಬಾಚಣ ಅರಮನೆಯ ಮೆಟ್ಟಿಲಿಳಿದ. ಆವತ್ತು ಸಂಜೆ ಮೇಳದವರು ಬಯಲಿನಲ್ಲಿ ಹೊಸ ಆಟವೊಂದನ್ನು ಆಡಿದರು. ಅದರಲ್ಲಿ ಸಣಕಲು ಕಾಲಿನ, ತೊದಲುಮಾತಿನ ಒಬ್ಬ ದೊರೆ ನೀರಿಲ್ಲದ ಕಡೆ ಸೇತುವೆ ಕಟ್ಟಿಸಿ, ಅದರ ಮೇಲೆ ನಿಂತು ಹೊಳೆಯನ್ನು ಕರೆಯುತ್ತಿದ್ದ. ಜನ ಬಿದ್ದು ಬಿದ್ದು ನಕ್ಕರು. ಬಾಚಣ ಚಾಪೆಯ ಮೇಲೆ ಕೇತಲೆಯ ಪಕ್ಕ ಕೂತು ಎಲ್ಲರಿಗಿಂತ ಜೋರಾಗಿ ನಕ್ಕ.

"ಬರೆದವನು ಚೆನ್ನಾಗಿ ಬರೆದಿದ್ದಾನೆ. ಆದರೆ ಎರಡನೆಯ ಅಂಕ ಸ್ವಲ್ಪ ಉದ್ದವಾಯಿತು" ಎಂದ.

"ಹೋಗಿ ಅವನಿಗೇ ಹೇಳಿ" ಎಂದಳು ಕೇತಲೆ.

ಬಾಚಣ ಎದ್ದು ಹೋಗಿ ಹೇಳಿದ. ಬರೆದವನು ಒಪ್ಪಲಿಲ್ಲ. ಇಬ್ಬರೂ ಬಯಲಿನ ಅಂಚಿನಲ್ಲಿ ನಿಂತು ದೀವಟಿಗೆ ಆರುವವರೆಗೆ ವಾದ ಮಾಡಿದರು. ಅಲ್ಲಿಂದ ಮುಂದೆ ಚಂದ್ರಹೊಳೆಯ ಜನ ಇದ್ದದ್ದನ್ನು ಇದ್ದಹಾಗೆ ಹೇಳಿಕೊಂಡು, ಆಗಾಗ ಜಗಳವಾಡಿಕೊಂಡು, ಉಂಡುಟ್ಟು ಸುಖವಾಗಿದ್ದರು. ಅವರ ಸುಖ ಈ ಕಥೆ ಕೇಳಿದ ನಮಗೂ ನಿಮಗೂ ಇರಲಿ.