ಮೂರು ಇಂಚು ತಗ್ಗಿದ ಟ್ರಕ್

2012ರ ಚಳಿಗಾಲ. ಶುಕ್ರವಾರ ಬೆಳ್ಳಂಬೆಳಗ್ಗೆ ಪಕ್ಕದ ಮನೆಯಲ್ಲಿ ತಗಡು ಕೊಯ್ಯುವ ಗ್ರೈಂಡರ್ ಕಿರುಚಿದಾಗ ಪ್ರೇರಣಾಳ ತಾಳ್ಮೆ ಮುಗಿಯಿತು. ಗಲ್ಫಿನ ಬುಸೈತೀನ್ ಊರಿನ ತನ್ನ ಫ್ಲ್ಯಾಟಿನಿಂದ ದಡದಡ ಇಳಿದು ಆ ಅಂಗಳಕ್ಕೆ ನುಗ್ಗಿದಳು. ಸಿಟ್ಟಿನಲ್ಲಿ ಇಂಗ್ಲಿಷೂ ಬರಲಿಲ್ಲ, ಹಿಂದಿಯೂ ಬರಲಿಲ್ಲ.

"ರಜಾ ದಿನಾನೂ ನಿದ್ದೆ ಮಾಡೋಕೆ ಬಿಡಲ್ವೇನ್ರೀ?"

ಗ್ರೈಂಡರ್ ಹಿಡಿದಿದ್ದವನು ಕನ್ನಡಕ ಎತ್ತಿದ. ಧೂಳು ಮೆತ್ತಿದ ಮುಖದಲ್ಲಿ ಕಣ್ಣುಗಳಷ್ಟೇ ಸ್ವಚ್ಛ. "ಓ, ಕನ್ನಡದವರಾ? ಸಾರಿ ಮಾರಾಯ್ರೆ. ಇನ್ನು ಹತ್ತು ಗಂಟೆ ಮೇಲೆ ಶುರು ಮಾಡ್ತೇನೆ."

ಅವನ ಹೆಸರು ಸಿಡ್ನಿ, ಮೂಲ್ಕಿಯವನು. ಏರ್‌ಪೋರ್ಟಿನಲ್ಲಿ ವಿಮಾನಗಳ ತಗಡು ಕೆಲಸ. ರಜೆಯೆಲ್ಲ ಅಂಗಳದ ಹಳೆಯ ಅಮೆರಿಕನ್ ಪಿಕಪ್‌ಗೆ ಮೀಸಲು. ಅದರ ಕ್ಯಾಬಿನ್ ಕಂಬಗಳನ್ನು ಮೂರು ಇಂಚು ಕೊಯ್ದು, ಮೇಲಿನ ಟಾಪನ್ನು ತಗ್ಗಿಸಿ ಕೂರಿಸುವುದು ಅವನ ಆಸೆ.

ಪ್ರೇರಣಾ ದಾವಣಗೆರೆಯ ಸ್ಟ್ರಕ್ಚರಲ್ ಇಂಜಿನಿಯರ್. ಸುಮ್ಮನೆ ವಾಪಸ್ ಹೋಗಲು ಅವಳಿಂದಾಗಲಿಲ್ಲ.

"ಮುಂದಿನ ಕಂಬ ಹಿಂದಕ್ಕೆ ವಾಲಿದೆ. ನೇರ ಇಳಿಸಿದ್ರೆ ಕೆಳಗಿನ ತುದಿಗೆ ಮೇಲಿನದು ಸೇರಲ್ಲ."

"ಗೊತ್ತುಂಟು. ಅದಕ್ಕೇ ಟಾಪನ್ನು ಅಡ್ಡಕ್ಕೆ ಕೊಯ್ದು ನಡುವೆ ಒಂದು ಪಟ್ಟಿ ಸೇರಿಸ್ತೇನೆ. ಒಂದೂವರೆ ಇಂಚು."

ಅವಳು ಕೋನ ಅಳೆದು, ರಟ್ಟಿನ ಚೂರಿನ ಮೇಲೆ ಲೆಕ್ಕ ಹಾಕಿದಳು. "ಎರಡು ಬೇಕು."

ಅವನು ಮತ್ತೆ ಅಳೆದ. ಎರಡೇ. ಎಳೆಯ ಮಗುವಿನಂತೆ ಬಾಯಗಲಿಸಿ ನಕ್ಕ. "ನೀವು ಬರದಿದ್ದರೆ ತಗಡು ಹಾಳಾಗ್ತಿತ್ತು!" ತಪ್ಪು ಒಪ್ಪಿಕೊಂಡು ಇಷ್ಟು ಖುಷಿಪಡುವ ಗಂಡಸನ್ನು ಅವಳು ನೋಡಿರಲಿಲ್ಲ.

ಮರುವಾರ ಅವಳು ಹತ್ತಕ್ಕೆ ಮೊದಲೇ ಎದ್ದು ಕಾದಳು.

ಟಾಪ್ ಕೂತ ದಿನ ಎಡಮೂಲೆಯಲ್ಲಿ ಅರ್ಧ ಇಂಚು ವ್ಯತ್ಯಾಸ ಬಂತು. ಸಿಡ್ನಿಯ ರೂಮ್‌ಮೇಟ್ ಲ್ಯಾನ್ಸಿ ಸುತ್ತಿಗೆ ಎತ್ತಿದ. ಸಿಡ್ನಿ ತಡೆದ. ಮೂರು ಶುಕ್ರವಾರ ಕಾಯಿಸಿ, ತಣಿಸಿ, ಅಂಗೈಯಿಂದ ಸವರಿ ನೋಡುತ್ತ ಆ ತಗಡನ್ನು ಒಲಿಸಿಕೊಂಡ. ಪ್ರೇರಣಾ ಆ ಕೈಗಳನ್ನೇ ನೋಡುತ್ತ ಕೂತಳು. ಅವನು ತಿರುಗಿದಾಗಲೆಲ್ಲ ಟೇಪಿನ ಅಂಕಿ ಓದುವವಳಂತೆ ತಲೆ ತಗ್ಗಿಸಿದಳು.

"ಟೇಪು ತಲೆಕೆಳಗಾಗಿ ಹಿಡಿದಿದ್ದೀರಿ," ಎಂದ ಒಮ್ಮೆ, ಮೆಲ್ಲಗೆ.

ಕೊನೆಯ ವೆಲ್ಡಿಂಗ್ ಮುಗಿದ ಮಧ್ಯಾಹ್ನ ಅವಳು ಹೇಳಿಯೇಬಿಟ್ಟಳು. "ದೋಹಾದಲ್ಲಿ ಕೆಲಸ ಸಿಕ್ಕಿದೆ. ಒಂದು ವರ್ಷದ ಪ್ರಾಜೆಕ್ಟ್, ದೊಡ್ಡ ಸೇತುವೆ. ಭಾನುವಾರದೊಳಗೆ ಸೈನ್ ಮಾಡ್ಬೇಕು."

ಅವನ ಮುಖ ಬಾಡಿತು. ಆದರೂ ಹೇಳಿದ, "ಸೇತುವೆ ಬಿಡ್ಬೇಡಿ. ನಿಮ್ಮಂಥವರೇ ಕಟ್ಟಬೇಕು ಅದನ್ನು."

"ಅಷ್ಟೇನಾ?"

ಅವನು ಬಹಳ ಹೊತ್ತು ಕೈ ಒರೆಸಿಕೊಂಡ. ಖಾಲಿ ಕ್ಯಾಬಿನ್ನಿನತ್ತ ನೋಡಿದ. "ಒಳಗೆ ಸೀಟು ಹಾಕ್ಬೇಕು. ಬೇರೆ ಬೇರೆ ಎರಡು ಹಾಕ್ಲಾ, ಇಬ್ಬರಿಗೂ ಸೇರಿ ಒಂದೇ ಉದ್ದದ್ದಾ? ನಿಮ್ಮ ಅಪ್ಪನ ಹತ್ರ ಕೇಳ್ಲಿಕ್ಕೆ ದಾವಣಗೆರೆಗೂ ಬರ್ತೇನೆ. ಮೊದಲು ನಿಮ್ಮ ಹತ್ರ ಕೇಳ್ತಿದ್ದೇನೆ."

"ಅಪ್ಪ ಸುಲಭಕ್ಕೆ ಒಪ್ಪಲ್ಲ."

"ನಮ್ಮ ಮಮ್ಮಿಯೂ ಒಪ್ಪುದಿಲ್ಲ. ಮೆಲ್ಲ ಒಪ್ಪಿಸುವ."

"ಒಂದೇ ಉದ್ದದ್ದು ಹಾಕು," ಎಂದಳು ಪ್ರೇರಣಾ. "ಒಂದು ವರ್ಷ ಕಾಯ್ತೀಯಾ?"

ಮೊದಲ ಬಾರಿಗೆ ಅವಳ ಬಾಯಲ್ಲಿ ಏಕವಚನ. ಸಿಡ್ನಿಯ ಕಿವಿಗಳು ಕೆಂಪಾದವು.

"ಅರ್ಧ ಇಂಚಿಗೆ ಮೂರು ವಾರ ಕಾದವ ನಾನು," ಎಂದ ಅವನು. "ನಿನಗೆ ಕಾಯುವುದಿಲ್ಲವಾ?"