ರಿಮೋಟಿನ ಎರಡು ಸೆಲ್

“ನಿನ್ನ ಅಮ್ಮನಿಗೆ ಹೇಳು, ಸಾರಿಗೆ ಉಪ್ಪು ಕಮ್ಮಿ,” ಎಂದರು ನಂಜಮ್ಮಜ್ಜಿ.

ಅಮ್ಮ ಮೂರಡಿ ದೂರದಲ್ಲೇ ಕೂತು ಉಣ್ಣುತ್ತಿದ್ದಳು. ಆದರೂ ಧನ್ಯಾ ಹೇಳಿದಳು. “ಅಮ್ಮ, ಉಪ್ಪು ಕಮ್ಮಿಯಂತೆ.”

“ಡಬ್ಬಿ ಅಲ್ಲೇ ಉಂಟು. ಹಾಕ್ಕೊಳ್ಳೋಕೆ ಹೇಳು.”

“ಅಜ್ಜಿ, ಡಬ್ಬಿ ಅಲ್ಲೇ ಉಂಟಂತೆ.”

ಎರಡು ತಿಂಗಳಿಂದ ಹೀಗೆಯೇ. ಅಜ್ಜಿ ಸಾಕಿದ ಹಸು ಕೆಂಪಿಯನ್ನು ಅಮ್ಮ ಕೇಳದೆಯೇ ಅದೇ ಊರಿನ ಗುರುವಯ್ಯನವರ ಮನೆಗೆ ಕೊಟ್ಟುಬಿಟ್ಟಿದ್ದಳು. ಅಂದಿನಿಂದ ಅಜ್ಜಿ ಅಮ್ಮನ ಜೊತೆ ಮಾತು ಬಿಟ್ಟರು. ಅಪ್ಪ ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕೆಲಸಕ್ಕಿದ್ದ, ಭಾನುವಾರ ಮಾತ್ರ ಬರುತ್ತಿದ್ದ. ಮಾತು ಹೊತ್ತು ತರುವ ಕೆಲಸ ಧನ್ಯಾಳದ್ದು. ಸ್ಕೂಲ್ ಬ್ಯಾಗಿಗಿಂತ ಅದೇ ಭಾರವಾಗಿತ್ತು.

ಸಂಜೆ ಏಳರಿಂದ ಏಳೂವರೆ ಮಾತ್ರ ಅವಳಿಗೆ ಬಿಡುವು. ಆಗ ಟಿವಿಯಲ್ಲಿ ‘ಶಿಲಾವನ’ ಬರುತ್ತಿತ್ತು. ಶಾಪದಿಂದ ಕಲ್ಲಾದ ಒಬ್ಬ ರಾಣಿ. ಅವಳ ಪುಟ್ಟ ಮಗಳು ವಾರುಣಿ ದಿನಾ ಆ ಕಲ್ಲಿನ ಮುಂದೆ ದೀಪ ಹಚ್ಚುತ್ತಾಳೆ. ಅದನ್ನು ನೋಡುವಾಗ ಅಜ್ಜಿ, “ಅಯ್ಯೋ, ಆ ಮಗು ಒಬ್ಳೇ ಕಾಡಿಗೆ ಹೋಗ್ಬಾರದಿತ್ತು,” ಎನ್ನುತ್ತಿದ್ದರು. “ಹೌದು ಅತ್ತೆ,” ಎನ್ನುತ್ತಿದ್ದಳು ಅಮ್ಮ. ನಡುವೆ ಧನ್ಯಾ ಬೇಕಾಗಿರಲಿಲ್ಲ.

ವಾರುಣಿಗಾಗಿ ಅಜ್ಜಿ ಹರಕೆಯನ್ನೂ ಹೊತ್ತಿದ್ದರು. ದಿನಾ ಅನ್ನಕ್ಕಿಡುವ ಮೊದಲು ಒಂದು ಮುಷ್ಟಿ ಅಕ್ಕಿಯನ್ನು ಹಿತ್ತಾಳೆ ಚೊಂಬಿಗೆ ಹಾಕಿಡುವುದು. ಕಲ್ಲಾದ ತಾಯಿ ಬಾಯಿಬಿಟ್ಟ ದಿನ ಅದನ್ನು ಹೊರನಾಡಿನ ಅನ್ನಪೂರ್ಣೇಶ್ವರಿಗೆ ಒಪ್ಪಿಸುವುದು.

“ಅದು ಆ್ಯಕ್ಟಿಂಗ್ ಅಮ್ಮ,” ಎಂದು ಅಪ್ಪ ನಕ್ಕಿದ್ದ.

“ಇರ್ಲಿ. ಆ ಮಗು ಕೈ ಮುಗಿಯೋದು ದೇವರಿಗೇ ಅಲ್ವಾ?” ಎಂದಿದ್ದರು ಅಜ್ಜಿ.

ಮರುದಿನ ಶುಕ್ರವಾರ ಸ್ಕೂಲಿನಲ್ಲಿ ಅವಳ ಕ್ಲಾಸಿನ ಮೋಹಿತ್ ಹೇಳಿದ. “ನಿಮ್ಮ ಶಿಲಾವನ ಇವತ್ತು ಲಾಸ್ಟ್ ಮಾರಾಯ್ತಿ. ಸೋಮವಾರದಿಂದ ಅಡುಗೆ ಶೋ.”

“ಸುಳ್ಳು.”

“ನಮ್ಮ ಚಿಕ್ಕಮ್ಮನ ಫೋನಲ್ಲೇ ನೋಡಿದ್ದು. ಬೇಕಾದ್ರೆ ನಂಬು.”

ಧನ್ಯಾಳಿಗೆ ಆಮೇಲೆ ಪಾಠ ತಲೆಗೆ ಹೋಗಲಿಲ್ಲ. ಸೀರಿಯಲ್ ಮುಗಿದರೆ ಆ ಅರ್ಧ ಗಂಟೆಯೂ ಮುಗಿಯಿತು. ಕೊನೆ ನೋಡದಿದ್ದರೆ? ನೋಡದಿದ್ದರೆ ಮುಗಿದ ಹಾಗಾಗುವುದಿಲ್ಲ ಎಂದು ಅವಳಿಗೆ ತೋರಿತು. ಮನೆಗೆ ಬಂದವಳೇ ರಿಮೋಟಿನ ಎರಡೂ ಸೆಲ್ ತೆಗೆದು ಕಂಪಾಸ್ ಬಾಕ್ಸಿಗೆ ಹಾಕಿಕೊಂಡಳು.

ಏಳು ಗಂಟೆಗೆ ಅಜ್ಜಿ ದೇವರಿಗೆ ದೀಪ ಹಚ್ಚಿ ಬಂದು ಕೂತರು. ದಿನವಿಡೀ ಕಣದಲ್ಲಿ ಕಾಫಿ ಹರಡಿ ಬಂದ ಅಮ್ಮ ಗೋಡೆಗೆ ಒರಗಿ ಕಾಲು ಚಾಚಿದಳು. ಅಜ್ಜಿ ರಿಮೋಟ್ ಒತ್ತಿದರು. ಅಂಗೈಗೆ ಬಡಿದರು. ಹಿಂದಿನ ಮುಚ್ಚಳ ತೆಗೆದರು.

“ಸೆಲ್ಲೇ ಇಲ್ಲ ಇದರಲ್ಲಿ.”

ಧನ್ಯಾ ಮಗ್ಗಿ ಪುಸ್ತಕದಿಂದ ತಲೆ ಎತ್ತಲಿಲ್ಲ. ಟಿವಿಯ ಬಟನ್ ಕೆಟ್ಟು ವರ್ಷವಾಗಿತ್ತು. ಸೆಲ್ ಸಿಗುವ ಅಂಗಡಿ ಇರುವುದು ಸಂಸೆ ಪೇಟೆಯಲ್ಲಿ. ಬಸ್ಸು ಆಗಲೇ ಹೋಗಿತ್ತು.

ಈಗ ಇಬ್ಬರೂ ಎದ್ದು ಹೋಗುತ್ತಾರೆ ಎಂದುಕೊಂಡಳು. ಅಮ್ಮನಿಗೆ ಏಳುವ ಶಕ್ತಿ ಇರಲಿಲ್ಲ. ಅಜ್ಜಿಗೆ ಮನಸ್ಸಿರಲಿಲ್ಲ. ಕಪ್ಪು ಟಿವಿಯನ್ನೇ ನೋಡುತ್ತಾ ಕೂತರು.

“ಇವತ್ತು ಕಲ್ಲು ಮಾತಾಡತ್ತೆ ಅಂತ ನಿನ್ನೆ ತೋರಿಸಿದ್ರು,” ಎಂದರು ಅಜ್ಜಿ. “ಮಾತಾಡಿದ್ಲೋ ಇಲ್ವೋ ಗೊತ್ತಾಗದೆ ಅಕ್ಕಿ ಹೇಗೆ ಒಪ್ಪಿಸೋದು?”

“ಮಾತಾಡಿರ್ತಾಳೆ ಅತ್ತೆ.”

“ಅಷ್ಟು ವರ್ಷ ಆದ್ಮೇಲೆ ಮೊದಲ ಮಾತು ಎಂತ ಆಡಿರ್ತಾಳೆ?”

ಅಮ್ಮ ಕಣ್ಣು ಮುಚ್ಚಿಕೊಂಡೇ ಹೇಳಿದಳು. “ಎಂತ ಆಡ್ತಾಳೆ. ಊಟ ಆಯ್ತಾ ಮಗಾ ಅಂತ ಕೇಳಿರ್ತಾಳೆ.”

ದೇವರ ದೀಪ ಸಣ್ಣಗೆ ಚಿಟಿಚಿಟಿ ಎಂದಿತು. ಅಜ್ಜಿ ಎದ್ದು ಬತ್ತಿ ಸರಿಮಾಡಿ ಬಂದು ಕೂತರು.

“ಕೆಂಪಿ ಕರು ಹಾಕೋ ತಿಂಗಳು ಇದು,” ಎಂದರು ಆಮೇಲೆ.

“ಹಾಕಿದಾಳೆ. ಹೆಣ್ಣು ಕರು. ಹಣೇಲಿ ಬಿಳಿ ಚುಕ್ಕಿ.”

“ನೀನು ಹೋಗಿದ್ಯಾ?”

“ದಿನಾ ಹೋಗ್ತೀನಿ, ಒಂದ್ಸಲ ಮೈ ಸವರಿ ಬರ್ತೀನಿ. ತೋಟ, ಕಣ, ಕೊಟ್ಟಿಗೆ... ನನ್ನ ಕೈಲಿ ಆಗ್ಲಿಲ್ಲ ಅತ್ತೆ. ಅಷ್ಟೇ.”

“ಹೇಳ್ಬಹುದಿತ್ತು ನನಗೆ.”

“ಹೇಳ್ಬೇಕಿತ್ತು.”

ಅಜ್ಜಿ ಅಮ್ಮನ ಅಂಗೈ ತಿರುಗಿಸಿ ನೋಡಿದರು. ಕಾಫಿ ಕಲೆ ಉಗುರಿನೊಳಗೂ ಹೋಗಿತ್ತು. “ಸೋಮವಾರ ಕಣಕ್ಕೆ ರಜೆ ಹಾಕು. ಚೊಂಬು ತುಂಬಿದೆ, ಹೊರನಾಡಿಗೆ ಹೋಗಿ ಬರುವ. ಬರೋವಾಗ ಕರು ನೋಡಿದ್ರಾಯ್ತು.”

“ಹ್ಞೂಂ.”

ಊಟಕ್ಕೆ ಕೂತಾಗ ಅಜ್ಜಿ ಒಂದು ತುತ್ತು ತಿಂದು ತಲೆ ಎತ್ತಿದರು. ಧನ್ಯಾ ಅಭ್ಯಾಸದಂತೆ ಕೈಯಲ್ಲಿದ್ದ ತುತ್ತು ತಟ್ಟೆಗಿಟ್ಟು ಕಾದಳು.

“ಇವತ್ತೂ ಉಪ್ಪು ಕಮ್ಮಿ ಮಾರಾಯ್ತಿ,” ಎಂದರು ಅಜ್ಜಿ.

“ನಾಳೆ ನೀವೇ ಹಾಕಿ,” ಎಂದಳು ಅಮ್ಮ.

ಧನ್ಯಾ ಇಬ್ಬರ ಮುಖವನ್ನೂ ನೋಡಿದಳು. ತನ್ನ ಕಡೆ ಯಾರೂ ತಿರುಗಿರಲಿಲ್ಲ. ಅವಳು ಬೇಗ ಉಂಡು ಕೈ ತೊಳೆದು, ಕಂಪಾಸ್ ಬಾಕ್ಸಿನಿಂದ ಸೆಲ್ ತೆಗೆದು ರಿಮೋಟಿಗೆ ಹಾಕಿದಳು.