ಮಹಾಕಾಮ್ ನದಿಯಲ್ಲಿ ಇಳಿದು ಬಂದ ಘೇಂಡಾಮೃಗ

ಗುಂಡಿಗೆ ಬಿದ್ದಿರುವ ಹೆಣ್ಣು ಘೇಂಡಾಮೃಗವನ್ನು ಮಹಾಕಾಮ್ ನದಿಯ ಕೆಳಹರಿವಿನಲ್ಲಿರುವ ಅಭಯವನಕ್ಕೆ ಜೀವಂತವಾಗಿ ತಲುಪಿಸಬೇಕು. ಅದೂ ಹೊಳೆಗೆ ಪ್ರವಾಹ ಬರುವ ಮೊದಲು.

ಬೋರ್ನಿಯೋ ಕಾಡಿನ ಈ ಗಿಡ್ಡ, ಕೂದಲುಳ್ಳ ಘೇಂಡಾಮೃಗಗಳು ಬೆರಳೆಣಿಕೆಯಷ್ಟು ಉಳಿದಿದ್ದವು. ಅಭಯವನದಲ್ಲಿದ್ದ ಗಂಡು ಮೂರು ವರ್ಷದಿಂದ ಒಂಟಿ. ಈ ಹೆಣ್ಣು ಅಡಗಿದ್ದ ಕಾಡಿನ ತುಂಡನ್ನು ಗಣಿಯವರು ಮೂರು ಕಡೆಯಿಂದ ಅಗೆದುಕೊಂಡು ಬರುತ್ತಿದ್ದರು.

ಅದರ ಜಾಡು ಹಿಡಿದವನು ಉಸಾತ್ ಎಂಬ ಡಯಾಕ್ ಬುಡಕಟ್ಟಿನ ಬೇಟೆಗಾರ. ಐವತ್ತು ದಾಟಿದ್ದ. ಹನ್ನೊಂದು ತಿಂಗಳು ಹೆಜ್ಜೆಯ ಹಿಂದೆ ನಡೆದಿದ್ದರೂ ಪ್ರಾಣಿಯನ್ನು ಒಮ್ಮೆಯೂ ಕಂಡಿರಲಿಲ್ಲ. ಅದು ಓಡಾಡುವ ದಾರಿಯಲ್ಲಿ ಗುಂಡಿ ತೋಡಿ, ತಳಕ್ಕೆ ಸೊಪ್ಪು ಹಾಸಿ, ಮೇಲೆ ಕಡ್ಡಿ ಮುಚ್ಚಿದವನು ಅವನೇ. ಈ ಬೆಳಿಗ್ಗೆ ಇಣುಕಿದಾಗ ಕೆಂಗೂದಲಿನ ಬೆನ್ನು, ಮೋಟು ಕೊಂಬು, ಕರುವಿನಂಥ ಕಣ್ಣು ಕಂಡು ಅವನು ಗುಂಡಿಯ ಅಂಚಿನಲ್ಲೇ ಕೂತುಬಿಟ್ಟ.

ದೋಣಿ ನಡೆಸುವ ಲೆಂಚಾವ್ ಅವನ ಹೆಂಡತಿಯ ತಮ್ಮ. ಅವನೂ ಬಗ್ಗಿ ನೋಡಿದ.

"ಇದಕ್ಕಾ ಭಾವ ಹನ್ನೊಂದು ತಿಂಗ್ಳು ಅಲೆದಿದ್ದು? ನಮ್ಮಕ್ಕನ್ನ ಮದುವೆ ಆಗೋಕೂ ಇಷ್ಟು ಅಲೀಲಿಲ್ಲ ನೀನು."

"ನಿಮ್ಮಕ್ಕ ಪೊದೆಯೊಳಗೆ ಅಡಗಿರ್ಲಿಲ್ಲವಲ್ಲೋ," ಎಂದ ಉಸಾತ್.

ಪಶುವೈದ್ಯೆ ಸೆಕಾರ್ ಇಬ್ಬರನ್ನೂ ಗದರಿಸಿ ಕೆಲಸಕ್ಕೆ ಹಚ್ಚಿದರು. ಜಾವಾದಿಂದ ಬಂದು ಆರು ವರ್ಷ ಈ ಕಾಡಿನಲ್ಲೇ ಕಳೆದಿದ್ದವರು ಅವರು. ಗುಂಡಿಗೆ ನೀರು ಇಳಿಯುತ್ತಿತ್ತು. ಊರಿನಿಂದ ಹನ್ನೆರಡು ಜನ ಬಂದು ಗುಂಡಿಯ ಒಂದು ಪಕ್ಕವನ್ನು ಇಳಿಜಾರಾಗಿ ಕಡಿದರು. ಆ ಇಳಿಜಾರಿನ ಬಾಯಿಗೆ ಮರದ ಬೋನು ಇಟ್ಟರು. ಘೇಂಡಾಮೃಗ ಅಲ್ಲಾಡಲಿಲ್ಲ. ಆಮೇಲೆ ಡಾಕ್ಟರಮ್ಮ ಬೋನಿನ ಆಚೆ ತುದಿಯಲ್ಲಿ ಕೂತು ಹಾಲು ಸೋರುವ ಅತ್ತಿಯ ಕೊಂಬೆ ಆಡಿಸಿದರು. ಅದು ಮೂಗು ಎತ್ತಿತು, ಯೋಚಿಸಿತು, ಊಟಕ್ಕೆ ಕರೆದವರ ಮನೆಗೆ ಹೋದಂತೆ ಸೀದಾ ಒಳಗೆ ನಡೆಯಿತು.

ದಿಮ್ಮಿಗಳ ಮೇಲೆ ಬೋನು ಉರುಳಿಸಿ ಹೊಳೆ ಮುಟ್ಟಿಸಲು ಎರಡು ದಿನ ಹಿಡಿಯಿತು. ಎರಡು ಉದ್ದ ದೋಣಿಗಳನ್ನು ಜೋಡಿಸಿ, ಹಲಗೆ ಬಿಗಿದು, ಅದರ ಮೇಲೆ ಬೋನು ಕಟ್ಟಿದರು. ಮೂರನೆಯ ದಿನ ಬೆಳಿಗ್ಗೆ ಮೂವರೂ ಹೊರಟರು. ಎರಡೂ ದಡದಲ್ಲಿ ಮಂಜು ಮರಗಳ ನಡುವೆ ಸಿಕ್ಕಿಕೊಂಡಿತ್ತು. ಮಂಗಟ್ಟೆ ಹಕ್ಕಿಗಳು ರೆಕ್ಕೆ ಸದ್ದು ಮಾಡುತ್ತ ಹೊಳೆ ದಾಟುತ್ತಿದ್ದವು. ಕೆಂಪು ನೀರು ಬೇರುಸಮೇತ ಮರಗಳನ್ನು ಹೊತ್ತು ತರುತ್ತಿತ್ತು.

ಬಂಡೆಗಳ ತಿರುವಿನಲ್ಲಿ ಅಂಥದೇ ಒಂದು ಮರ ಬಡಿಯಿತು.

ಮೋಟಾರು ಗೊರಗೊರ ಎಂದು ನಿಂತಿತು. ದೋಣಿಗಳು ಅಡ್ಡ ತಿರುಗಿದವು. ಬೋನು ವಾಲಿತು. ಒಳಗೆ ಘೇಂಡಾಮೃಗ ಗೋಡೆಗೆ ಗುದ್ದತೊಡಗಿತು.

ಉಸಾತ್ ಮತ್ತಿನ ಸೂಜಿ ಹಾಕುವಂತೆ ಕೂಗಿದ.

"ಮತ್ತು ಕೊಟ್ರೆ, ಬೋನು ನೀರಿಗೆ ಬಿದ್ದಾಗ ಅದು ತಲೆ ಎತ್ತಲ್ಲ," ಎಂದರು ಡಾಕ್ಟರಮ್ಮ. "ನೀವು ದೋಣಿ ನಿಲ್ಲಿಸಿ. ಇದನ್ನ ನಾನು ನೋಡ್ಕೋತೀನಿ."

ಉಸಾತ್ ದೋಣಿಗೆ ಕಟ್ಟಿದ್ದ ಹಗ್ಗದ ತುದಿಯನ್ನು ಸೊಂಟಕ್ಕೆ ಸುತ್ತಿಕೊಂಡು ಹೊಳೆಗೆ ಹಾರಿದ. ನೀರು ಅವನನ್ನು ಒಮ್ಮೆ ಮುಳುಗಿಸಿತು, ಬಂಡೆಗೆ ಒಗೆಯಿತು. ಮೊಣಕಾಲು ಒಡೆಯಿತು. ದಡದ ಮರದ ಬೇರು ಕೈಗೆ ಸಿಕ್ಕಿತು. ಮೇಲೆ ತೆವಳಿ, ದಪ್ಪ ಮರಕ್ಕೆ ಹಗ್ಗವನ್ನು ಎರಡು ಸುತ್ತು ಸುತ್ತಿದ. ಹಗ್ಗ ಬಿಗಿಯಿತು. ಅಂಗೈ ಸುಲಿಯಿತು. ಬಿಡಲಿಲ್ಲ.

ದೋಣಿಗಳು ಬಂಡೆಗೆ ಮೊಳದಷ್ಟು ದೂರದಲ್ಲಿ ನಿಂತವು.

ಲೆಂಚಾವ್ ಹಲ್ಲಲ್ಲಿ ಕಚ್ಚಿಕೊಂಡಿದ್ದ ಮೊಳೆಯನ್ನು ಮೋಟಾರಿನ ಮುರಿದ ಪಿನ್ನಿನ ಜಾಗಕ್ಕೆ ಬಡಿದ. ಗುದ್ದಾಟ ನಿಂತದ್ದು ಆಗ ಉಸಾತನಿಗೆ ಗೊತ್ತಾಯಿತು. ಡಾಕ್ಟರಮ್ಮ ಬೋನಿಗೆ ಒರಗಿ, ತೊಪ್ಪೆಯಾಗಿ ನೆನೆದು, ಹಲಸಿನ ಸೊಪ್ಪನ್ನು ಹಿಡಿಹಿಡಿಯಾಗಿ ತುರುಕುತ್ತಿದ್ದರು. ಘೇಂಡಾಮೃಗ ಕಣ್ಣು ಅರ್ಧ ಮುಚ್ಚಿ ಅಗಿಯುತ್ತಿತ್ತು.

"ಹೊಟ್ಟೆಗೆ ಬಿದ್ರೆ ಭಯ ಮರೆಯುತ್ತೆ," ಎಂದ ಲೆಂಚಾವ್. "ಥೇಟ್ ನಮ್ಮ ಭಾವನೇ."

ಮೋಟಾರು ಮತ್ತೆ ಹೊರಟಿತು; ಉಸಾತನನ್ನು ಹತ್ತಿಸಿಕೊಂಡು ಸಂಜೆಗೆ ಅಭಯವನ ಮುಟ್ಟಿದರು. ಬೋನಿನ ಬಾಗಿಲು ತೆಗೆದಾಗ ಹೆಣ್ಣು ಯಾರನ್ನೂ ತಿರುಗಿ ನೋಡಲಿಲ್ಲ. ಕೆಸರು ಹೊಂಡಕ್ಕೆ ಧೊಪ್ಪನೆ ಬಿದ್ದು ಹೊರಳಿತು. ಸೆಕಾರ್ ಮುಖದ ಕೆಸರು ಒರೆಸಿಕೊಳ್ಳುತ್ತ ನಕ್ಕರು.

ಮರುದಿನ ಬೆಳಕು ಹರಿಯುತ್ತಲೇ ಉಸಾತ್ ಕುಂಟುತ್ತ ಬೇಲಿಯ ಬಳಿ ಬಂದ. ಒಂದು ಕಡೆ ಹೆಣ್ಣು, ಇನ್ನೊಂದು ಕಡೆ ಗಂಡು, ನಡುವೆ ದಪ್ಪ ಮರದ ಬೇಲಿ. ಅವನು ಕೂತು ನೆಲದ ಮೇಲಿನ ಹೆಜ್ಜೆ ಓದಿದ.

"ಗಂಡು ತುಂಬಾ ಹೊತ್ತು ಇಲ್ಲೇ ನಿಂತಿದೆ, ಡಾಕ್ಟರಮ್ಮ. ಕಾಲು ಎಷ್ಟು ಆಳ ಹೂತಿದೆ ನೋಡಿ."

"ಇವಳು?"

"ಮೂರು ಸಲ ಬಂದಿದ್ದಾಳೆ. ಎರಡು ಸಲ ವಾಪಸ್ ಹೋಗಿದ್ದಾಳೆ."

"ಮೂರನೇ ಸಲ?" ಎಂದು ಲೆಂಚಾವ್ ಕೇಳಿದ.

ಉಸಾತ್ ಕೈಯೆತ್ತಿ ಅವನನ್ನು ಸುಮ್ಮನಿರಿಸಿದ. ಹತ್ತು ಮಾರು ದೂರದ ಪೊದೆಯಲ್ಲಿ ಸೊಪ್ಪು ಅಗಿಯುವ ಸದ್ದು ಕೇಳುತ್ತಿತ್ತು, ಬೇಲಿಯ ಎರಡೂ ಕಡೆಯಿಂದ.